ಕಬ್ಬನ್ ಉದ್ಯಾನದ ಹೆಸರೂ ನೆಲವೂ

ಬೆಂಗಳೂರಿನ ಪೇಟೆಗೂ ದಂಡಿಗೂ ನಡುವಣ ಬಯಲಿನಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರನಾಗಿದ್ದ ರಿಚರ್ಡ್ ಸ್ಯಾಂಕಿಯು ಕ್ರಿ. ಶ. 1870ರಲ್ಲಿ ಒಂದು ಉದ್ಯಾನವನ್ನು ನಿರ್ಮಿಸಿದನು. ಹೈದರಾಲಿಯು 1760ರ ಸುಮಾರಿನಲ್ಲಿ ಆರಂಭಿಸಿದ ಲಾಲ್‌ಬಾಗು ಮೊದಲಿಗೆ ಆಳುವವರ ತೋಟ; ಇದಾದರೋ ನಾಗರಿಕರ ವಿಹಾರಕ್ಕೆಂದೇ ಹುಟ್ಟಿದುದು. ಮೊದಲು 100 ಎಕರೆಯಷ್ಟಿದ್ದ ಇದು ಕ್ರಮೇಣ ಸುಮಾರು 300 ಎಕರೆಗೆ ವಿಸ್ತರಿಸಿತು.

ಇದಕ್ಕೆ ಮೊದಲು ಬಂದುದು ಮೀಡ್ ಎಂಬ ಅಧಿಕಾರಿಯ ಹೆಸರು. ಬಳಿಕ, 1834ರಿಂದ 1861ರ ವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ಎಂಬವನ ಹೆಸರು ರೂಢವಾಯಿತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಕಾಲದಲ್ಲಿ, ಅವರ ತಂದೆಯವರ ಸ್ಮರಣಾರ್ಥವಾಗಿ ‘ಶ್ರೀ ಚಾಮರಾಜೇಂದ್ರ ಉದ್ಯಾನ’ವೆಂದು ನಾಮಕರಣವಾಯಿತು. ಸರಕಾರದ ಕಾಗದಪತ್ರಗಳು ಇದನ್ನು ಅಂಗೀಕರಿಸಿದುವು. ಜನರ ನಾಲಗೆಯಲ್ಲಿ ಹಳೆಯ ಹೆಸರೇ ನಿಂತಿತು.

ಹೆಸರಿಗಿಂತ ಗುರುತರವಾದುದು ನೆಲದ ವಿಷಯ. ವಸ್ತುಸಂಗ್ರಹಾಲಯ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಮೊದಲಾದುವು ಒಂದೊಂದೂ ಲೋಕೋಪಯೋಗಿಯಾದ ಕಟ್ಟಡಗಳೇ. ಆದರೂ ಅವು ಎದ್ದಂತೆಲ್ಲ ಬಯಲು ಕಿರಿದಾಯಿತು. ಕಡೆಗೆ ಸರಕಾರಿ ಉದ್ಯಾನಗಳ ಸಂರಕ್ಷಣೆಗೆಂದು 1975ರಲ್ಲಿ ಶಾಸನವೇ ಬೇಕಾಯಿತು. ಹೆಸರನ್ನು ಜನರ ರೂಢಿಯೇ ಉಳಿಸಿಕೊಂಡಿತು. ನೆಲವನ್ನು ಉಳಿಸುವುದಕ್ಕೆ ರೂಢಿಯೊಂದೇ ಸಾಲದೆಂಬುದು ಈ ಚರಿತ್ರೆಯಿಂದ ವಿದಿತವಾಗುತ್ತದೆ.