ಒಳಬರುವಾಗ ವಾಗ್ನರ್, ಹೊರಹೋಗುವಾಗ ಮೆಂಡೆಲ್ಸನ್

ಮದುವೆಯ ಹಿಂದಿನ ರಾತ್ರಿ ಮದುಮಗಳಿಗೆ ಸಾವಿರ ಕೆಲಸ. 1829ರ ಅಕ್ಟೋಬರ್ 2ರ ರಾತ್ರಿ ಬರ್ಲಿನ್ನಿನ ಫ್ಯಾನಿ ಮೆಂಡೆಲ್ಸನ್‌ಗೆ ಇದ್ದ ಕೆಲಸ ಮಾತ್ರ ಬೇರೆಯೇ ಬಗೆಯದು. ಮರುದಿನ ಚರ್ಚಿನಿಂದ ಹೊರಬರುವಾಗ ಆರ್ಗನ್ ಮೇಲೆ ನುಡಿಸಲು ಸಂಗೀತವಿರಲಿಲ್ಲ. ಬರೆದುಕೊಡುತ್ತೇನೆ ಎಂದಿದ್ದ ತಮ್ಮ ಫೆಲಿಕ್ಸ್ ಲಂಡನ್ನಿನಲ್ಲಿ ಗಾಡಿಯಿಂದ ಬಿದ್ದು, ಮಂಡಿಗೆ ಪೆಟ್ಟು ಮಾಡಿಕೊಂಡು ಮಲಗಿದ್ದ. ಮದುವೆಗೂ ಬರಲಿಲ್ಲ, ಸಂಗೀತವೂ ಬರಲಿಲ್ಲ. ಒಳಬರುವುದಕ್ಕೆ ಒಂದು ಕೃತಿಯನ್ನು ಫ್ಯಾನಿ ಮೊದಲೇ ಬರೆದಿಟ್ಟಿದ್ದಳು. ಹೊರಡುವುದಕ್ಕೂ ಅವಳೇ ಬರೆಯಬೇಕಾಯಿತು, ಅದೇ ರಾತ್ರಿ ಕೂತು.

ಹದಿಮೂರನೆಯ ವಯಸ್ಸಿಗೇ ಬಾಖ್‌ನ ಇಪ್ಪತ್ತನಾಲ್ಕು ಪ್ರಿಲ್ಯೂಡುಗಳನ್ನು ಬಾಯಿಪಾಠವಾಗಿ ಪಿಯಾನೊದಲ್ಲಿ ನುಡಿಸಿದ್ದ ಹುಡುಗಿ ಅವಳು. ಹದಿನಾಲ್ಕಾಗುವ ಹೊತ್ತಿಗೆ ಅಪ್ಪ ಕಾಗದ ಬರೆದು ತಿಳಿಸಿಬಿಟ್ಟಿದ್ದ: ಸಂಗೀತ ಫೆಲಿಕ್ಸನಿಗೆ ವೃತ್ತಿಯಾಗಬಹುದು, ನಿನಗೆ ಅದು ಬರೀ ಒಡವೆ. ನಮ್ಮ ಅಜ್ಜಿಯರ ಕಾಲದಲ್ಲಿ 'ಹುಡುಗಿಗೆ ಹಾಡು ಬರುತ್ತೆ' ಅನ್ನುತ್ತಿದ್ದರಲ್ಲ, ವಧುಪರೀಕ್ಷೆಗೆ ಮಾತ್ರ ಬೇಕಾದ ಅರ್ಹತೆಯಾಗಿ, ಅದೇ ಮಾತು. ಅವಳ ಕೆಲವು ಹಾಡುಗಳು ಅಚ್ಚಾದವು, ಆದರೆ ತಮ್ಮನ ಹೆಸರಿನಲ್ಲಿ. 1842ರಲ್ಲಿ ಫೆಲಿಕ್ಸ್ ಬಕಿಂಗ್‌ಹ್ಯಾಮ್ ಅರಮನೆಗೆ ಹೋದಾಗ ವಿಕ್ಟೋರಿಯಾ ರಾಣಿ ಅವನೆದುರು ಹಾಡಲು ಅವನದೇ ಸಂಪುಟದಿಂದ ಒಂದು ಹಾಡು ಆರಿಸಿಕೊಂಡಳು. ಅದು ಅಕ್ಕನದು ಎಂದು ಅವನು ಒಪ್ಪಿಕೊಳ್ಳಬೇಕಾಯಿತು. ಒಪ್ಪಿಕೊಂಡ ಎನ್ನುವುದೇ ಅವನ ಪರವಾಗಿ ಹೇಳಬಹುದಾದದ್ದು.

ಅದೇ 1842ರಲ್ಲಿ ಫೆಲಿಕ್ಸ್, ಪ್ರಶ್ಯದ ದೊರೆಯ ಇಚ್ಛೆಯಂತೆ, ಷೇಕ್ಸ್‌ಪಿಯರನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕಕ್ಕೆ ಸಂಗೀತ ಬರೆದ. ನಾಲ್ಕನೆಯ ಮತ್ತು ಐದನೆಯ ಅಂಕಗಳ ನಡುವೆ ಬರುವ ತುಂಡೇ ಇಂದು ಇಡೀ ಜಗತ್ತು ಬಲ್ಲ 'ವೆಡ್ಡಿಂಗ್ ಮಾರ್ಚ್'. ಮೊದಲು ಕಹಳೆಗಳ ಕೂಗು. ಅದು ಮುಗಿದೊಡನೆ ಆರ್ಕೆಸ್ಟ್ರಾ ನೇರವಾಗಿ ಮನೆಯ ಸ್ವರಮೇಳಕ್ಕೆ ಬರುವುದಿಲ್ಲ. ಹೊರಗಿನ, ತುಸು ಕಳವಳದ ಒಂದು ಮೇಳದ ಮೇಲೆ ಬಿದ್ದು, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಮನೆಗೆ ಮರಳುತ್ತದೆ. ಸಾವಿರ ಸಲ ಕೇಳಿದರೂ ಅದು ಸವೆಯದಿರುವುದಕ್ಕೆ ಈ ಸಣ್ಣ ತಿರುವೇ ಕಾರಣವೆಂದು ನನ್ನ ನಂಬಿಕೆ.

ರಂಗಭೂಮಿಯ ಈ ಸಂಗೀತ ನಿಜವಾದ ಮದುವೆಗೆ ಬಂದದ್ದು 1847ರ ಜೂನ್ 2ರಂದು, ಇಂಗ್ಲೆಂಡಿನ ಟಿವರ್ಟನ್ ಎಂಬ ಊರಿನ ಚರ್ಚಿನಲ್ಲಿ. ಸ್ಯಾಮ್ಯುಯೆಲ್ ರೇ ಎಂಬಾತ ಆರ್ಗನ್ ಮೇಲೆ ಅದನ್ನು ನುಡಿಸಿದ. ಅದಕ್ಕೆ ಮೂರು ವಾರವೂ ಆಗಿರಲಿಲ್ಲ, ಮೇ 14ರಂದು ಫ್ಯಾನಿ ಬರ್ಲಿನ್ನಿನ ಮನೆಯಲ್ಲಿ ತಮ್ಮನದೇ ಕೃತಿಯ ತಾಲೀಮು ನಡೆಸುತ್ತಿದ್ದಾಗ, ಪಿಯಾನೊ ಮುಂದೆಯೇ ಕುಸಿದು ತೀರಿಕೊಂಡಿದ್ದಳು. ಟಿವರ್ಟನ್ನಿನ ದಿಬ್ಬಣ ಆ ಸಂಗೀತಕ್ಕೆ ಹೆಜ್ಜೆ ಹಾಕಿದ ದಿನ ಅದನ್ನು ಬರೆದವನು ಸೂತಕದಲ್ಲಿದ್ದ. ನವೆಂಬರ್ 4ರಂದು ಅವನೂ ಹೋದ, ಮೂವತ್ತೆಂಟು ವರ್ಷಕ್ಕೆ.

1858ರ ಜನವರಿ 25ರಂದು ವಿಕ್ಟೋರಿಯಾಳ ಹಿರಿಮಗಳು ಪ್ರಶ್ಯದ ರಾಜಕುಮಾರನನ್ನು ಮದುವೆಯಾದಾಗ ಇದನ್ನು ನುಡಿಸಲಾಯಿತು. ಅರಮನೆಯಲ್ಲಿ ಆದದ್ದು ಊರಿಗೆಲ್ಲ ಬೇಕಲ್ಲ, ಆಮೇಲೆ ಇದಿಲ್ಲದ ಮದುವೆಯೇ ಇಲ್ಲವೆಂಬಂತಾಯಿತು.

ಹೊರಹೋಗಲು ಇದಾದರೆ, ಮದುಮಗಳು ಒಳಬರಲು ರೂಢಿಯಾದದ್ದು ವಾಗ್ನರನ 'ಬ್ರೈಡಲ್ ಕೋರಸ್'. 'ಲೋಹೆನ್‌ಗ್ರಿನ್' ಒಪೆರಾದ ಮೂರನೆಯ ಅಂಕದ್ದು. ಕತೆಯಲ್ಲಿ ಅದು ಮದುಮಗಳು ಚರ್ಚಿಗೆ ಬರುವ ಹಾಡೇ ಅಲ್ಲ. ಮದುವೆ ಮುಗಿದಿದೆ, ಗಂಡಹೆಂಡಿರನ್ನು ಮಲಗುವ ಕೋಣೆಗೆ ಕರೆತರುತ್ತಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ಪ್ರಸ್ತದ ಹಾಡು. ಹಾಡು ಮುಗಿದ ಸ್ವಲ್ಪ ಹೊತ್ತಿಗೇ ಎಲ್ಸಾ ಕೇಳಬಾರದ ಪ್ರಶ್ನೆಯನ್ನು ಗಂಡನಿಗೆ ಕೇಳುತ್ತಾಳೆ, ಅದೇ ಕೋಣೆಯಲ್ಲಿ ಒಂದು ಕೊಲೆಯಾಗುತ್ತದೆ, ಗಂಡ ಬಿಟ್ಟು ಹೋಗುತ್ತಾನೆ, ಅವಳು ಸಾಯುತ್ತಾಳೆ. ಶಕುನ ನೋಡುವವರು ಯಾರಾದರೂ ಇದರ ಕತೆ ಕೇಳಿದ್ದರೆ ಚಪ್ಪರದೊಳಕ್ಕೇ ಬಿಡುತ್ತಿರಲಿಲ್ಲ.

ಆದರೆ ನನ್ನನ್ನು ಕಾಡುವುದು ಆ ಕತೆಯಲ್ಲ. 'ಲೋಹೆನ್‌ಗ್ರಿನ್' ಮೊದಲು ರಂಗಕ್ಕೆ ಬಂದದ್ದು 1850ರ ಆಗಸ್ಟ್ 28ರಂದು, ವೈಮಾರ್‌ನಲ್ಲಿ. ಮರುತಿಂಗಳೇ ವಾಗ್ನರ್ ಸುಳ್ಳುಹೆಸರಿನಲ್ಲಿ ಒಂದು ಲೇಖನ ಅಚ್ಚು ಹಾಕಿಸಿದ: ಯಹೂದಿಗಳು ನಿಜವಾದ ಸಂಗೀತ ಸೃಷ್ಟಿಸಲಾರರು. ಅದಕ್ಕೆ ಅವನು ಎತ್ತಿಕೊಂಡ ದೊಡ್ಡ ಉದಾಹರಣೆ, ಸತ್ತು ಮೂರು ವರ್ಷವೂ ಆಗದ ಫೆಲಿಕ್ಸ್ ಮೆಂಡೆಲ್ಸನ್. ಏಳನೆಯ ವಯಸ್ಸಿಗೆ ದೀಕ್ಷಾಸ್ನಾನ ಪಡೆದು ಕ್ರೈಸ್ತನಾಗಿದ್ದರೂ ವಾಗ್ನರನಿಗೆ ಅವನು ಯಹೂದಿಯೇ. 1869ರಲ್ಲಿ ಅದೇ ಲೇಖನವನ್ನು ತನ್ನ ಹೆಸರು ಹಾಕಿಯೇ ಮತ್ತೆ ಪ್ರಕಟಿಸಿದ.

ಮಾತು ಮಾತಾಗಿಯೇ ಉಳಿಯಲಿಲ್ಲ. 1936ರಲ್ಲಿ ನಾಜಿಗಳು ಲೈಪ್‌ಜಿಗ್‌ನಲ್ಲಿದ್ದ ಮೆಂಡೆಲ್ಸನ್ ಪ್ರತಿಮೆಯನ್ನು ಕಿತ್ತುಹಾಕಿದರು. ಅದನ್ನು ವಿರೋಧಿಸಿದ ಮೇಯರ್ ಗೋರ್ಡೆಲರ್ ಹುದ್ದೆ ಬಿಟ್ಟ. ಮೆಂಡೆಲ್ಸನ್ನನ ಸಂಗೀತವಿಲ್ಲದೆ ಷೇಕ್ಸ್‌ಪಿಯರನ ಆ ನಾಟಕ ಆಡಬೇಕಲ್ಲ, ಬದಲಿ ಸಂಗೀತ ಬರೆದುಕೊಡಲು ಕಾರ್ಲ್ ಓರ್ಫ್‌ನಂಥವರು ಸಿಕ್ಕರು. ಜರ್ಮನಿಯಲ್ಲಿ ಹೀಗೆ ನಡೆದಿರುವಾಗಲೇ ಬೇರೆ ದೇಶಗಳ ಮದುವೆಗಳಲ್ಲಿ ಈ ಇಬ್ಬರೂ ಅರ್ಧ ಗಂಟೆಯ ಅಂತರದಲ್ಲಿ ಒಂದೇ ವಾದ್ಯದ ಮೇಲೆ ಬಂದುಹೋಗುತ್ತಿದ್ದರು. ಇಂದಿಗೂ ಅನೇಕ ಯಹೂದಿ ಕುಟುಂಬಗಳು ತಮ್ಮ ಮದುವೆಗಳಲ್ಲಿ ವಾಗ್ನರನನ್ನು ನುಡಿಸುವುದಿಲ್ಲ.

ಇಬ್ಬರನ್ನೂ ಪಿಯಾನೊಗೆ ತಂದವರಲ್ಲಿ ಮುಖ್ಯನಾದವನು ಫ್ರಾಂಜ್ ಲಿಸ್ಟ್. ವೈಮಾರ್‌ನಲ್ಲಿ 'ಲೋಹೆನ್‌ಗ್ರಿನ್' ನಡೆಸಿಕೊಟ್ಟವನೂ ಅವನೇ, ವಾಗ್ನರ್ ಆಗ ದೇಶಭ್ರಷ್ಟನಾಗಿ ಸ್ವಿಟ್ಜರ್ಲೆಂಡಿನಲ್ಲಿದ್ದ. ಆ ಒಪೆರಾದ ಮದುವೆಯ ಹಾಡನ್ನೂ, ಮೆಂಡೆಲ್ಸನ್ನನ ಮಾರ್ಚನ್ನೂ ಲಿಸ್ಟ್ ಪಿಯಾನೊಗೆ ಅಳವಡಿಸಿದ. ರೆಕಾರ್ಡು, ರೇಡಿಯೋ ಇಲ್ಲದ ಕಾಲದಲ್ಲಿ ಒಪೆರಾ ನೋಡದ ಮಂದಿ ಅದನ್ನು ಕೇಳುತ್ತಿದ್ದುದು ಹೆಚ್ಚಾಗಿ ಪಿಯಾನೊ ಮೇಲೇ.

ನಮ್ಮ ಗಟ್ಟಿಮೇಳಕ್ಕೆ ಈ ತಾಪತ್ರಯವಿಲ್ಲ. ಮಾಂಗಲ್ಯಧಾರಣೆಯ ಕ್ಷಣದಲ್ಲಿ ಅಪಶಕುನದ ಸದ್ದೊಂದೂ ಕಿವಿಗೆ ಬೀಳದಿರಲೆಂದು ಡೋಲು, ನಾಗಸ್ವರ ಮೊಳಗುತ್ತವೆ, ಬರೆದವರಾರೆಂದು ಯಾರೂ ಕೇಳುವುದಿಲ್ಲ. ಆದರೂ ಪಿಯಾನೊ ನಮಗೆ ತೀರಾ ಹೊರಗಿನದೂ ಅಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಪದ್ಧತಿಯಲ್ಲಿ ಪಿಯಾನೊ ಕಲಿತವರು, ಇಂಗ್ಲೆಂಡಿನಲ್ಲಿ ನೆಲೆಸಿದ್ದ ರಷ್ಯದ ಪಿಯಾನೊ ಸಂಯೋಜಕ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು.

ಕಳೆದ ವರ್ಷ ಗೆಳತಿಯೊಬ್ಬಳ ಮಗಳ ಆರತಕ್ಷತೆಗೆ ಬೆಂಗಳೂರಿನಲ್ಲಿ ಪಿಯಾನೊ ಗೊತ್ತುಮಾಡಿದ್ದರು. ಏನು ನುಡಿಸಬೇಕೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೇಲಿನದನ್ನೆಲ್ಲ ಹೇಳಿ ವಾಗ್ನರ್ ಬೇಡವೆಂದೆ. 'ಪಾಪ, ಹಾಡು ಏನು ಮಾಡಿತ್ತು?' ಎಂದಳು ಗೆಳತಿ. ನಿಜ, ಹಾಡು ಏನೂ ಮಾಡಿಲ್ಲ. ಆದರೂ ಆಯ್ಕೆ ನನ್ನ ಕೈಯಲ್ಲಿರುವಾಗ ಅದನ್ನು ಆರಿಸಲು ನನಗೆ ಮನಸ್ಸಾಗಲಿಲ್ಲ. ಶೂಮನ್ ತನ್ನ ಮದುವೆಗೆ, 1840ರ ಸೆಪ್ಟೆಂಬರಿನಲ್ಲಿ, ಕ್ಲಾರಾಳಿಗೆ ಉಡುಗೊರೆ ಕೊಟ್ಟ ಇಪ್ಪತ್ತಾರು ಹಾಡುಗಳಲ್ಲಿ ಮೊದಲನೆಯದನ್ನು ಸೂಚಿಸಿದೆ. ಮದುವೆ ತಪ್ಪಿಸಲು ಕೋರ್ಟಿಗೂ ಹೋದ ಅಪ್ಪನನ್ನು ಗೆದ್ದು ಅವರು ಮದುವೆಯಾದದ್ದು. ಅದನ್ನೂ ಪಿಯಾನೊಗೆ ತಂದವನು ಲಿಸ್ಟೇ. ಹೊರಡುವುದಕ್ಕೆ ಫ್ಯಾನಿ ಆ ರಾತ್ರಿ ಬರೆದದ್ದು.

ಪಿಯಾನೊ ನುಡಿಸುವ ಹುಡುಗ ಎಲ್ಲ ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳಿದ. ಆರ್ಗನ್‌ನಲ್ಲಿ ಕಾಲಿನಿಂದ ನುಡಿಸುವ ಸ್ವರಗಳನ್ನು ಎಡಗೈಗೆ ಹೊಂದಿಸಿಕೊಳ್ಳಲು ಒಂದು ವಾರ ಸಿಗುತ್ತದೆಯೇ? ಮತ್ತೆ, ಬಾಗಿಲಿನಿಂದ ವೇದಿಕೆಗೆ ಎಷ್ಟು ಹೆಜ್ಜೆ?