ಒಂದೇ ಎಂಜಿನ್, ಹಲವು ವರ್ಷಗಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೋಟಾರ್ ಸೈಕಲ್‌ಗಳನ್ನು ತಯಾರಿಸಿತು. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, 1973ರಿಂದೀಚೆಗೆ ಯೆಜ್ಡಿ ಹೆಸರಿನಲ್ಲಿ. ಹೆಸರು ಬದಲಾದರೂ 250 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್ನಿನ ಮೂಲ ವಿನ್ಯಾಸ ಬಹುಕಾಲ ಉಳಿಯಿತು: 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿ. ಹೀಗಾಗಿ ಜಾವಾಕ್ಕೆ ಯೆಜ್ಡಿಯ ಬಿಡಿಭಾಗ ಹಾಕುವ ರೂಢಿ ಬೆಳೆಯಿತು; ಕಾರ್ಖಾನೆ ಮುಚ್ಚಿದ ಮೇಲೆ ಅದು ಅನಿವಾರ್ಯವೂ ಆಯಿತು.

ಆದರೆ ಕೂರುವುದು ಬೇರೆ, ಹೊಂದುವುದು ಬೇರೆ. ಈ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ; ಪಿಸ್ಟನ್ನಿನ ಅಂಚೇ ಪೋರ್ಟುಗಳನ್ನು ತೆರೆದು ಮುಚ್ಚುತ್ತದೆ. ವ್ಯಾಸ ಸರಿಯಿದ್ದು ಉದ್ದ ತುಸು ವ್ಯತ್ಯಾಸವಾದರೂ ಆ ಗಳಿಗೆ ತಪ್ಪುತ್ತದೆ. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನಂತೂ ಜೋಡಿಯಾಗಿಯೇ ಕೊರೆದಿರುತ್ತಾರೆ. 1965ರ ಎಡಹೋಳಿಗೆ 1980ರ ಬಲಹೋಳನ್ನು ಸೇರಿಸಿದರೆ ಬೇರಿಂಗುಗಳು ಒಂದೇ ಸಾಲಿಗೆ ಬಾರದಿರಬಹುದು. ಸಂದಿನಿಂದ ಗಾಳಿ ಎಳೆದರೆ ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಸೀಜ್ ಆಗಬಹುದು. (ಹೊರಗಿನ ಪಾಲಿಶ್ ಇದನ್ನೆಲ್ಲ ಚೆನ್ನಾಗಿ ಮುಚ್ಚಿಡುತ್ತದೆ!)

ಎಂಜಿನ್ ನಂಬರು ಒತ್ತಿರುವುದೂ ಈ ಕ್ರ್ಯಾಂಕ್‌ಕೇಸಿನ ಮೇಲೆಯೇ. ಗಾಡಿಯ ಚರಿತ್ರೆಗೆ ಅದೇ ಶಾಸನ. ತಂದೆಯವರ ಜಾವಾವನ್ನು ಮತ್ತೆ ಕಟ್ಟಿಸುತ್ತಿರುವ ನನ್ನ ವಿದ್ಯಾರ್ಥಿಗಳು ಪಿಸ್ಟನ್, ರಿಂಗು, ಬೇರಿಂಗುಗಳನ್ನು ಯಾವ ವರ್ಷದ್ದಾದರೂ ಅಳೆದು ಹಾಕಿಸಲಿ, ಆ ಜೋಡಿಯನ್ನು ಮಾತ್ರ ಅಗಲಿಸದಿರಲಿ. ಯಾವ ಭಾಗ ಯಾವ ವರ್ಷದ್ದೆಂದು ಚೀಟಿಯೊಂದರಲ್ಲಿ ಬರೆದು ಟೂಲ್ ಬಾಕ್ಸಿನಲ್ಲಿಟ್ಟರೆ, ಮುಂದೆ ಅದನ್ನು ಬಿಚ್ಚುವವರಿಗೂ ಉಪಕಾರ.