ಹಳೆಯ ಕಾರುಗಳ ಲೂಸ್ ಕಾಂಟ್ಯಾಕ್ಟ್: ಒಂದು ಕಸುಬಿನ ಹಿನ್ನೋಟ

ಕಾರಿನ ವಿದ್ಯುತ್ ದೋಷಗಳಲ್ಲಿ ಸುಟ್ಟ ಫ್ಯೂಸು, ತುಂಡಾದ ತಂತಿ, ಹೋದ ಬಲ್ಬು ಬೇಗ ಸಿಕ್ಕಿಬೀಳುತ್ತವೆ. ಅವು ಹುಡುಕುವವನು ಬರುವವರೆಗೂ ಇದ್ದಲ್ಲೇ ಇರುತ್ತವೆ. ದಿನಗಟ್ಟಲೆ ಕಾಡುವುದು ಬಂದು ಹೋಗುವ ದೋಷ. ಹಳ್ಳಕ್ಕಿಳಿದಾಗ ಆರಿದ ಹೆಡ್‌ಲೈಟು ಮುಂದಿನ ಹಳ್ಳದಲ್ಲಿ ತಾನೇ ಹೊತ್ತಿಕೊಳ್ಳುತ್ತದೆ. ಬಿಸಿಲಿನಲ್ಲಿ ನಿಂತುಹೋದ ಎಂಜಿನ್ ಅರ್ಧ ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ತಕರಾರಿಲ್ಲದೆ ಶುರುವಾಗುತ್ತದೆ. ಗ್ಯಾರೇಜಿಗೆ ತಂದಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಇಂಥ ದೋಷಗಳ ಮನೆ ಬಹುಪಾಲು ಬಿಡಿಭಾಗಗಳಲ್ಲಿಲ್ಲ, ಅವುಗಳ ನಡುವಿನ ಜೋಡಣೆಗಳಲ್ಲಿದೆ. ಆಟೊ ಎಲೆಕ್ಟ್ರಿಷಿಯನ್ ಎಂಬ ಕಸುಬು ಬೆಳೆದದ್ದೇ ಈ ತಿಳಿವಳಿಕೆಯ ಮೇಲೆ.

ಮೊದಮೊದಲ ಕಾರುಗಳಲ್ಲಿ ವಿದ್ಯುತ್ತಿನ ಕೆಲಸ ಕಿಡಿ ಹೊತ್ತಿಸುವುದಷ್ಟೇ. ದೀಪಗಳು ಸೀಮೆಎಣ್ಣೆಯವು ಇಲ್ಲವೇ ಅಸಿಟಲಿನ್ ಗ್ಯಾಸಿನವು, ಎಂಜಿನ್ ಶುರುಮಾಡಲು ಕೈಯಿಂದ ತಿರುಗಿಸುವ ಹಿಡಿಕೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಬ್ಯಾಟರಿ ಮತ್ತು ಡೈನಮೊ ಕಾರಿನ ಖಾಯಂ ಅಂಗಗಳಾದವು. ಅವುಗಳ ಬೆನ್ನಿಗೇ ದೀಪ, ಹಾರ್ನ್, ವೈಪರ್ ಬಂದವು. ತಂತಿಯ ಖರ್ಚು ಉಳಿಸಲು ತಯಾರಕರು ಒಂದು ಸರಳ ದಾರಿ ಹಿಡಿದರು. ಕರೆಂಟು ತಂತಿಯಲ್ಲಿ ಹೋಗಲಿ, ಕಾರಿನ ಕಬ್ಬಿಣದ ಮೈಯಲ್ಲಿ ವಾಪಸು ಬರಲಿ ಎಂದರು. ಇದೇ ಬಾಡಿ ಅರ್ತ್. ತಂತಿ ಅರ್ಧಕ್ಕರ್ಧ ಉಳಿಯಿತು ನಿಜ. ಆದರೆ ಪ್ರತಿ ದೀಪದ ಹಣೆಬರಹವೂ ಒಂದು ಸ್ಕ್ರೂ ಮತ್ತು ಅದರ ಕೆಳಗಿನ ತಗಡಿನ ಕೈಗೆ ಹೋಯಿತು. ಆ ತಗಡಿಗೆ ಬಣ್ಣ ಬಳಿದರೆ, ತುಕ್ಕು ಹಿಡಿದರೆ ದಾರಿ ಮುಚ್ಚುತ್ತದೆ.

ಅರ್ತ್ ಕೈಕೊಟ್ಟ ಕಾರು ವಿಚಿತ್ರವಾಗಿ ವರ್ತಿಸುತ್ತದೆ. ಹಿಂದಿನ ದೀಪದ ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್ ಇರುತ್ತವೆ, ಬ್ರೇಕಿಗೆ 21 ವ್ಯಾಟ್, ಪಾರ್ಕಿಂಗಿಗೆ 5 ವ್ಯಾಟ್. ಎರಡಕ್ಕೂ ಅರ್ತ್ ಒಂದೇ. ಅದು ಕಡಿದಾಗ ಬ್ರೇಕ್ ಒತ್ತಿದರೆ, ಬ್ರೇಕಿನ ಫಿಲಮೆಂಟಿಗೆ ಬಂದ ಕರೆಂಟು ಪಾರ್ಕಿಂಗ್ ಫಿಲಮೆಂಟಿನಲ್ಲಿ ಹಿಮ್ಮುಖವಾಗಿ ನುಗ್ಗಿ, ಆ ಸರ್ಕ್ಯೂಟಿನ ಬೇರೆ ದೀಪಗಳ ಮೂಲಕ ನೆಲೆ ಹುಡುಕುತ್ತದೆ. ಎಡಗಡೆಯ ಬ್ರೇಕ್ ದೀಪ ಹತ್ತಬೇಕಾದಲ್ಲಿ ಬಲಗಡೆಯ ಪಾರ್ಕಿಂಗ್ ದೀಪವೂ ಡ್ಯಾಶ್‌ಬೋರ್ಡಿನ ಬೆಳಕೂ ಮಿಣುಕುತ್ತವೆ. ಇದನ್ನು ಕಂಡು ಸ್ವಿಚ್ಚು ಬದಲಿಸಿದವರು, ಹೊಸ ವೈರಿಂಗ್ ಹಾಕಿಸಿದವರು ಲೆಕ್ಕವಿಲ್ಲದಷ್ಟು. ಬೇಕಾಗಿದ್ದದ್ದು ಒಂದು ಸ್ಕ್ರೂ ಬಿಚ್ಚಿ ಎಮರಿ ಪೇಪರಿನಲ್ಲಿ ಉಜ್ಜುವ ಕೆಲಸ ಮಾತ್ರ.

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಈ ಕಸುಬಿನ ಪಾಠಶಾಲೆಯಾದದ್ದು ಕೆಲವೇ ಮಾದರಿಯ ಕಾರುಗಳು. ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ ಮೂರರಿಂದ ಹುಟ್ಟಿದ ಹಿಂದೂಸ್ತಾನ್ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಉತ್ತರಪಾರಾದಲ್ಲಿ ತಯಾರಾಯಿತು. ಫಿಯೆಟ್ 1100ರ ಭಾರತೀಯ ರೂಪವಾದ ಪ್ರೀಮಿಯರ್ ಪದ್ಮಿನಿ ಮುಂಬಯಿಯ ಕುರ್ಲಾದಿಂದ ಬಂತು. ಬ್ರಿಟಿಷ್ ಕಾರುಗಳ ವಿದ್ಯುತ್ ಸಾಮಗ್ರಿ ಹೆಚ್ಚಾಗಿ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಕಂಪನಿಯದು. 1961ರಲ್ಲಿ ಅದು ಟಿವಿಎಸ್ ಜೊತೆ ಸೇರಿ ಲೂಕಾಸ್ ಟಿವಿಎಸ್ ಆಗಿ ಚೆನ್ನೈನ ಪಾಡಿಯಲ್ಲಿ ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳನ್ನು ತಯಾರಿಸತೊಡಗಿತು. 1950ರ ದಶಕದಲ್ಲೇ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಾರ್ಖಾನೆ ಸ್ಪಾರ್ಕ್ ಪ್ಲಗ್ ಒದಗಿಸಿತು. ಬಿಡಿಭಾಗ ಬೇಕಾದವರಿಗೆ ಅದೇ ಊರಿನ ಜೆ.ಸಿ. ರಸ್ತೆ ಇತ್ತು.

ಲೂಕಾಸ್ ವೈರಿಂಗಿನ ದೊಡ್ಡ ಉಪಕಾರ ಅದರ ಬಣ್ಣದ ಕ್ರಮ. ಕಂದು ಬಣ್ಣದ ತಂತಿ ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಕೀಲಿ ತಿರುಗಿಸಿದ ಮೇಲೆ ಜೀವ ಪಡೆಯುವುದು, ಹಸಿರು ಅದೇ ಸಾಲಿನಲ್ಲಿ ಫ್ಯೂಸ್ ದಾಟಿ ಬಂದದ್ದು. ಹೆಡ್‌ಲೈಟಿಗೆ ನೀಲಿ, ಪಾರ್ಕಿಂಗಿಗೆ ಕೆಂಪು, ಅರ್ತಿಗೆ ಕಪ್ಪು. ನಕ್ಷೆ ಓದಲು ಬಾರದವರೂ ಇದನ್ನು ಬಾಯಿಪಾಠ ಮಾಡಿಕೊಂಡು ಇಡೀ ಕಾರನ್ನು ಬಲ್ಲವರಾದರು. ಆದರೆ ಕಾರು ಹಳತಾದಂತೆ ಈ ಭಾಷೆ ಅಳಿಯುತ್ತಿತ್ತು. ಹತ್ತಿ ನೂಲು ಸುತ್ತಿದ ರಬ್ಬರ್ ತಂತಿಗಳು ಬಿಸಿಗೆ ಬಿರುಕುಬಿಟ್ಟು ಎಣ್ಣೆ, ಧೂಳು ಕುಡಿದು ಒಂದೇ ಬಣ್ಣವಾಗುತ್ತಿದ್ದವು. ಕೈಗೆ ಸಿಕ್ಕ ಬಣ್ಣದ ತಂತಿ ಸೇರಿಸಿ ಟೇಪು ಸುತ್ತಿದ ರಿಪೇರಿಗಳು ಮುಂದೆ ಬರುವವನ ದಾರಿ ತಪ್ಪಿಸಿದವು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡೇ ಫ್ಯೂಸ್ ಇದ್ದದ್ದು ಇನ್ನೊಂದು ತೊಡಕು. ಒಂದು ಫ್ಯೂಸ್ ಹಾರಿದರೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಅಂಗಗಳು ಒಟ್ಟಿಗೇ ಮಲಗುತ್ತಿದ್ದವು.

ಇಷ್ಟೆಲ್ಲ ತೊಂದರೆಯ ಬೇರು 12 ವೋಲ್ಟ್ ಎಂಬ ಸಣ್ಣ ಒತ್ತಡದಲ್ಲಿದೆ. ಅಲ್ಪ ಪ್ರತಿರೋಧವನ್ನೂ ಅದು ತಾಳಲಾರದು. 60 ವ್ಯಾಟಿನ ಹೆಡ್‌ಲೈಟು 5 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ತಂತಿಗಳನ್ನು ಕೂಡಿಸುವ, ಕಿಲುಬು ಹಿಡಿದ ಬುಲೆಟ್ ಕನೆಕ್ಟರ್ ಅರ್ಧ ಓಮ್ ಅಡ್ಡಿಯಾದರೆ ಬಲ್ಬಿಗೆ ದಕ್ಕುವುದು ಸುಮಾರು 10 ವೋಲ್ಟ್. ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸ್ಟಾರ್ಟರಿನ ಪಾಡು ಇನ್ನೂ ಕಷ್ಟ. ಅದು 150 ಆಂಪಿಯರ್ ಎಳೆಯುವಾಗ ಬ್ಯಾಟರಿ ಟರ್ಮಿನಲ್ಲಿನಲ್ಲಿ ಓಮಿನ ನೂರರಲ್ಲಿ ಎರಡು ಭಾಗದ ಪ್ರತಿರೋಧವಿದ್ದರೂ 3 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಸೆಲ್ಫ್ ಕಟ್ ಎಂದು ಸುಮ್ಮನಾಗುತ್ತದೆ, ಹೊಸ ಬ್ಯಾಟರಿ ಖರೀದಿಯಾಗುತ್ತದೆ, ಟರ್ಮಿನಲ್ ಮಾತ್ರ ಕಿಲುಬು ಹೊತ್ತು ಹಾಗೇ ಇರುತ್ತದೆ. ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಈ ಕಿಲುಬನ್ನು ಬೇಗ ಬೆಳೆಸುತ್ತವೆ.

ಹುಡುಕುವ ಸಾಧನಗಳಲ್ಲಿ ಎಲ್ಲಕ್ಕಿಂತ ಹಳೆಯದು ಟೆಸ್ಟ್ ಬಲ್ಬು: 12 ವೋಲ್ಟಿನ ಒಂದು ಬಲ್ಬು, ಎರಡು ತಂತಿ, ತುದಿಗೊಂದು ಮೊಳೆ. ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಅಳೆಯುವ ಆವೊಮೀಟರ್ 1923ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮ್ಯಾಕಡಿ ಅದರ ಕರ್ತೃ. ನಂತರದ ಡಿಜಿಟಲ್ ಮೀಟರುಗಳು ಇನ್ನಷ್ಟು ನಿಖರ. ಆದರೂ ಲೂಸ್ ಕಾಂಟ್ಯಾಕ್ಟಿನ ಎದುರು ಬಡ ಟೆಸ್ಟ್ ಬಲ್ಬಿಗೆ ಇರುವ ಬಲ ದೊಡ್ಡದು. ಡಿಜಿಟಲ್ ಮೀಟರ್ ಸರ್ಕ್ಯೂಟಿನಿಂದ ಕರೆಂಟನ್ನೇ ಎಳೆಯುವುದಿಲ್ಲವೆನ್ನಬಹುದು. ಒಂದೇ ಎಳೆಯಲ್ಲಿ ನೇತಾಡುವ ತಂತಿಯಲ್ಲೂ ಅದು 12 ವೋಲ್ಟ್ ತೋರಿಸುತ್ತದೆ. ಬಲ್ಬು ನಿಜವಾದ ಹೊರೆ ಹೊರಿಸುತ್ತದೆ, ಆಗ ಸೋತ ಜೋಡಣೆ ಮಂಕು ಬೆಳಕಿನಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ. ಮೀಟರ್ ಬಳಸುವುದಾದರೆ ದೀಪ ಹೊತ್ತಿಸಿಟ್ಟು, ಜೋಡಣೆಯ ಎರಡೂ ಬದಿಗೆ ಕಡ್ಡಿ ಹಿಡಿದು, ನಡುವೆ ಎಷ್ಟು ವೋಲ್ಟ್ ಸೋರುತ್ತಿದೆ ಎಂದು ನೋಡಬೇಕು.

ಅನುಭವಿಗಳ ಕ್ರಮ ಮಾತಿನಿಂದ ಶುರುವಾಗುತ್ತಿತ್ತು. ಮಳೆಯಲ್ಲಿ ಬರುತ್ತದೆಯೋ, ಬಿಸಿಯಾದಾಗಲೋ, ಕುಲುಕಿದಾಗಲೋ ಎಂದು ಡ್ರೈವರನ್ನು ಕೇಳಿದರೆ ಅರ್ಧ ಕೆಲಸ ಮುಗಿದಂತೆ. ಕುಲುಕಿದಾಗ ಬರುವುದಾದರೆ ಎಂಜಿನ್ ನಡೆಸಿಟ್ಟು ವೈರಿಂಗನ್ನು ಗೇಣುಗೇಣಾಗಿ ಅಲ್ಲಾಡಿಸುವುದು. ಅಮ್ಮೀಟರ್ ಇರುವ ಕಾರಿನಲ್ಲಿ ಅದರ ಬೆನ್ನಿನ ನಟ್ಟುಗಳನ್ನು ಮೊದಲು ನೋಡುವುದು. ಸ್ಟಾರ್ಟರನ್ನು ಬಿಟ್ಟು ಬ್ಯಾಟರಿಯ ಬಹುತೇಕ ಕರೆಂಟು ಅದರ ಮೂಲಕವೇ ಹಾದುಹೋಗುವುದರಿಂದ ಒಂದು ನಟ್ಟು ಸಡಿಲಾದರೆ ಇಡೀ ಕಾರು ಕ್ಷಣಕಾಲ ಸಾಯುತ್ತದೆ. ಬಿಸಿಯಾದಾಗ ನಿಲ್ಲುವ ಎಂಜಿನ್‌ಗೆ ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಮತ್ತು ಇಗ್ನಿಷನ್ ಕಾಯಿಲ್ ಮೇಲೆ ಗುಮಾನಿ. ಜೋಡಣೆ ಸರಿಯಿದ್ದೂ ಬಿಡಿಭಾಗವೇ ಬಂದು ಹೋಗುವ ದೋಷ ತೋರುವುದು ಇಲ್ಲಿ. ಒಳಗಿನ ಇನ್ಸುಲೇಷನ್ ಬಿಸಿಗೆ ಸೋತು ತಣಿದಾಗ ಚೇತರಿಸಿಕೊಳ್ಳುತ್ತದೆ.

1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಕಸುಬು ನಿಧಾನವಾಗಿ ಮಗ್ಗುಲು ಬದಲಿಸಿತು. ಡಿಸ್ಟ್ರಿಬ್ಯೂಟರಿನ ಪಾಯಿಂಟು, ಕಂಡೆನ್ಸರುಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್, ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂದವು. ಬಾಷ್ 1986ರಲ್ಲಿ ಪ್ರಕಟಿಸಿದ ಕ್ಯಾನ್ ವ್ಯವಸ್ಥೆಯಿಂದ ಕಾರಿನೊಳಗಿನ ಕಂಪ್ಯೂಟರುಗಳು ಎರಡೇ ತಂತಿಯಲ್ಲಿ ಮಾತಾಡಿಕೊಳ್ಳತೊಡಗಿದವು. ಈಗಿನ ಸ್ಕ್ಯಾನರ್ ಬಂದು ಹೋದ ದೋಷವನ್ನೂ ಕೋಡಾಗಿ ನೆನಪಿಟ್ಟು ಹೇಳುತ್ತದೆ. ಇದು ನಿಜವಾದ ಮುನ್ನಡೆ. ಆದರೆ ಯಾವ ಸರ್ಕ್ಯೂಟು ಕೆಟ್ಟಿತು ಎಂಬಲ್ಲಿಗೆ ಅದರ ಮಾತು ಮುಗಿಯುತ್ತದೆ. ಆ ದಾರಿಯ ಯಾವ ಪಿನ್ನು ಸಡಿಲವಾಗಿದೆ ಎಂದು ಕೈಯೇ ಹುಡುಕಬೇಕು.

ಅಂಬಾಸಿಡರ್, ಪದ್ಮಿನಿಗಳನ್ನು ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡವರು ಕರ್ನಾಟಕದಲ್ಲಿ ಬಹಳ ಮಂದಿ ಇದ್ದಾರೆ. ಅಂಥವರು ಹೊಸ ವೈರಿಂಗ್ ಕಿಟ್ಟಿಗೆ ದುಡ್ಡು ಕೊಡುವ ಮೊದಲು ಬ್ಯಾಟರಿ ಟರ್ಮಿನಲ್, ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ಮತ್ತು ಪ್ರತಿ ದೀಪದ ಅರ್ತ್ ಸ್ಕ್ರೂ ಬಿಚ್ಚಿಸಿ, ಲೋಹ ಹೊಳೆಯುವಷ್ಟು ಉಜ್ಜಿಸಿ, ಬಿಗಿಸಿ ಗ್ರೀಸ್ ಹಚ್ಚಿಸಲಿ.